ನೀರು ಬೇಡದ ಗೆಡ್ಡೆ

ನಮ್ಮ ಬೆಟ್ಟದೂರು ಪೆಟ್ರೊಲಾಕದಲ್ಲಿ ಬೇಸಿಗೆಯ ಸಂಜೆ ಐದಾಯಿತು ಎಂದು ತಿಳಿಯಲು ಯಾರೂ ಗಡಿಯಾರ ನೋಡುತ್ತಿರಲಿಲ್ಲ. ದಿಯಮಾಂತೊ ತಾಮ್ರದ ಬಿಂದಿಗೆ ತುಂಬಿಕೊಂಡು ಒರತೆಯಿಂದ ಸ್ಮಶಾನದ ಕಡೆ ಹೊರಟರೆ ಐದು. ಖಾಲಿ ಬಿಂದಿಗೆಯೊಡನೆ ಬಂದು ಇನ್ನೊಮ್ಮೆ ತುಂಬಿಕೊಂಡರೆ ಐದೂವರೆ. ಮೈಮೇಲೆ ಕಪ್ಪು ಲಂಗ, ತಲೆಗೆ ಕಪ್ಪು ವಸ್ತ್ರ, ನಡಿಗೆಯಲ್ಲಿ ಒಂದು ಆತುರ. ಮೂರು ಬೇಸಿಗೆ ಇದು ಒಂದು ದಿನವೂ ತಪ್ಪಲಿಲ್ಲ. ಕಾಫಿ ಅಂಗಡಿಯ ಮುಂದೆ ಕುಳಿತ ಗಂಡಸರು ಅವಳು ಹಾದುಹೋಗುವಾಗ ಇಸ್ಪೀಟೆಲೆ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ನಮ್ಮೂರಿನ ಗಂಡಸರು ಅಷ್ಟು ಸುಲಭಕ್ಕೆ ಯಾರಿಗೂ ಎದ್ದು ನಿಲ್ಲುವವರಲ್ಲ.

ಆ ನೀರು ಅವಳ ತಂಗಿ ಲೆಮೊನ್ಯಳಿಗೆ. ತಂಗಿ ಎಂದು ಹೇಳುವುದು ಲೆಕ್ಕಕ್ಕೆ ಮಾತ್ರ. ತಾಯಿ ಸತ್ತಾಗ ದಿಯಮಾಂತೊಗೆ ಹದಿನಾರು, ಲೆಮೊನ್ಯಳಿಗೆ ಎರಡು. ಮರುವರ್ಷವೇ ತಂದೆಯೂ ಹೋದ. ಅಂದಿನಿಂದ ದಿಯಮಾಂತೊ ಹಗಲು ಮಗ್ಗದಲ್ಲಿ ಕಂಬಳಿ ನೇಯ್ದು, ಮಗುವನ್ನು ಮಗ್ಗದ ಕಾಲಿಗೆ ಕಟ್ಟಿದ ಜೋಲಿಯಲ್ಲಿ ತೂಗಿ ಬೆಳೆಸಿದಳು. ತನಗೆ ಬಂದ ಎರಡು ಸಂಬಂಧಗಳನ್ನು ಯೋಚನೆಯನ್ನೂ ಮಾಡದೆ ತಳ್ಳಿಹಾಕಿದಳು. ಅಂಗೈಯಲ್ಲಿಟ್ಟುಕೊಂಡು ಸಾಕಿದಳು ಎನ್ನುತ್ತಾರಲ್ಲ, ಹಾಗೆ. ಹುಡುಗಿ ಸೀನಿದರೆ ಕಿಟಕಿ ಮುಚ್ಚುತ್ತಿತ್ತು, ಕೆಮ್ಮಿದರೆ ಬಾಗಿಲೂ ಮುಚ್ಚುತ್ತಿತ್ತು. ಊರಿನ ಮಕ್ಕಳೆಲ್ಲ ಮೊದಲ ಮಳೆಗೆ ಬೀದಿಯಲ್ಲಿ ಕುಣಿಯುವಾಗ ಲೆಮೊನ್ಯ ಗಾಜಿಗೆ ಮೂಗು ಒತ್ತಿ ನಿಂತಿರುತ್ತಿದ್ದಳು. ಅವಳ ಮೂಗಿನ ಗುರುತು ಆ ಗಾಜಿನ ಮೇಲೆ ವರ್ಷವಿಡೀ ಇರುತ್ತಿತ್ತು ಎಂದು ಪಕ್ಕದ ಮನೆಯ ಗರುಫಲ್ಯ ಈಗಲೂ ಹೇಳುತ್ತಾಳೆ. ಗರುಫಲ್ಯ ಹೇಳುವುದನ್ನೆಲ್ಲ ನಂಬಬೇಕಾಗಿಲ್ಲ, ಆದರೆ ಇದು ನಿಜ.

ಲೆಮೊನ್ಯಳಿಗೆ ಇಪ್ಪತ್ತೆರಡಾದಾಗ ಹೆಣ್ಣು ಕೇಳಲು ಥಿಮಿಯೋಸ್ ಬಂದ. ಬೆಟ್ಟದ ಮೇಲಿನ ಹಟ್ಟಿಯವನು, ಎಂಬತ್ತು ಮೇಕೆಗಳ ಒಡೆಯ, ಮಾತು ಕಡಿಮೆ. ಗಾಲಿಯಾಕಾರದ ಒಂದು ಚೀಸಿನ ಗಟ್ಟಿ ಹೊತ್ತು, ಸೋದರಮಾವನನ್ನು ಜೊತೆ ಮಾಡಿಕೊಂಡು, ಕ್ಷೌರ ಮಾಡಿಸಿಕೊಂಡು ಬಂದಿದ್ದ. ಲೆಮೊನ್ಯ ಒಳಬಾಗಿಲ ಹಿಂದೆ ನಿಂತಿದ್ದಳು. ಅವಳ ಕೂದಲಲ್ಲಿ ಹಿತ್ತಲ ಗೋಡೆಯಿಂದ ಕಿತ್ತ ಎರಡು ಕಿಕ್ಲಾಮಿನೊ ಹೂಗಳಿದ್ದವು. ಅದು ಸೆಪ್ಟೆಂಬರ್ ತಿಂಗಳು. ಬೇಸಿಗೆಯಲ್ಲಿ ಸುಟ್ಟು ಬೂದಿಬಣ್ಣವಾದ ಕಲ್ಲಿನ ಸಂದಿಯಿಂದ, ಒಂದೂ ಎಲೆಯಿಲ್ಲದೆ, ಬರಿ ದಂಟಿನ ಮೇಲೆ, ಓಡುವ ಮೊಲ ಕಿವಿ ಮಡಿಚಿದ ಹಾಗೆ ಹಿಂದಕ್ಕೆ ಬಾಗಿದ ದಳಗಳ ಆ ಗುಲಾಬಿ ಹೂವು ಏಳುವ ಕಾಲ.

"ನಿನ್ನ ಹಟ್ಟೀಲಿ ಚಳಿಗಾಲಕ್ಕೆ ಹಿಮ ಬಾಗಿಲೊಳಗೇ ಬರತ್ತೆ," ಎಂದಳು ದಿಯಮಾಂತೊ. "ನನ್ನ ಹುಡುಗಿ ಎದೆ ಸೂಕ್ಷ್ಮ. ಆಗಲ್ಲ."

"ಬಾಗಿಲು ಹೊಸದು ಹಾಕಿಸ್ತೀನಿ," ಎಂದ ಥಿಮಿಯೋಸ್.

"ಬಾಗಿಲಿಂದ ಏನೂ ಆಗಲ್ಲ. ಚೀಸು ತಗೊಂಡು ಹೋಗು."

ಅವನು ಚೀಸನ್ನು ಬಿಟ್ಟೇ ಹೋದ. ಹೊಸ ಬಾಗಿಲನ್ನು ಹಾಕಿಸಿಯೂ ಹಾಕಿಸಿದ, ಮದುವೆ ಮಾತ್ರ ಆಗಲಿಲ್ಲ. ಲೆಮೊನ್ಯ ಆ ಚಳಿಗಾಲವಿಡೀ ಅಕ್ಕನೊಡನೆ ಮಾತು ಬಿಟ್ಟಳು. ಬೇಸಿಗೆ ಬಂದಾಗ ಮತ್ತೆ ಆಡಿದಳು, ಕೀಟಲೆ ಮಾಡಿದಳು, ಮಗ್ಗದ ಮುಂದೆ ಕುಳಿತು ಹಾಡಿದಳು. ಆ ದಿನದ ಸುದ್ದಿಯನ್ನು ಮಾತ್ರ ಇಬ್ಬರಲ್ಲಿ ಯಾರೂ ಎತ್ತಲಿಲ್ಲ. ಎದೆಯ ಕಾರಣ ಅರ್ಧ ನಿಜ, ಇನ್ನರ್ಧ ತಾನು ಒಂಟಿಯಾಗುವ ಭಯ. ಇದನ್ನು ತನಗೆ ತಾನೇ ಒಪ್ಪಿಕೊಳ್ಳಲು ದಿಯಮಾಂತೊಗೆ ಹದಿನೈದು ವರ್ಷ ಹಿಡಿಯಿತು. ಅಷ್ಟು ಹೊತ್ತಿಗೆ ಲೆಮೊನ್ಯ ಹಾಸಿಗೆ ಹಿಡಿದಿದ್ದಳು. ಹಿಮಕ್ಕೂ ಗಾಳಿಗೂ ಸಿಕ್ಕದೆ, ಬೆಚ್ಚಗಿನ ಕೋಣೆಯಲ್ಲಿ, ಮೂರು ಕಂಬಳಿಯ ಕೆಳಗೆ ಇದ್ದೂ ಎದೆ ಕೆಟ್ಟಿತ್ತು.

"ಅಕ್ಕ, ಕಿಟಕಿ ಸ್ವಲ್ಪ ತೆಗಿ."

"ಗಾಳಿ ಬಡಿಯತ್ತೆ ಪುಟ್ಟ."

"ಬಡೀಲಿ ಬಿಡು. ಇನ್ನೇನು ಕೆಡೋದಿದೆ?"

ದಿಯಮಾಂತೊ ತೆಗೆಯಲಿಲ್ಲ. ಅದೇ ವಾರ ಒಂದು ಮಧ್ಯಾಹ್ನ ಲೆಮೊನ್ಯ ಅವಳ ಕೈ ಹಿಡಿದು ಹೇಳಿದಳು, "ಹಿತ್ತಲ ಗೋಡೇಲಿರೋ ಕಿಕ್ಲಾಮಿನೊ ಕಿತ್ತು ನನ್ನ ಮೇಲೆ ನೆಡು. ಅದು ಹೂ ಬಿಟ್ರೆ ನಂಗೆ ನಿನ್ನ ಮೇಲೆ ಕೋಪ ಇಲ್ಲ ಅಂತ ತಿಳ್ಕೊ."

"ಬಿಡದೇ ಹೋದ್ರೆ?"

ಲೆಮೊನ್ಯ ನಕ್ಕಳು. ನಗು ಕೆಮ್ಮಾಗಿ ತಿರುಗಿತು. "ಬಿಡದೇ ಹೋದ್ರೂ ತಿಳ್ಕೊ."

ಯಾವುದರ ಕೋಪ ಎಂದು ಅಕ್ಕ ಕೇಳಲಿಲ್ಲ. ತಂಗಿ ಮೊದಲಿನಿಂದಲೂ ಕೀಟಲೆಯವಳು; ಇದು ಕೀಟಲೆಯೋ ನಿಜವೋ ಎಂದು ವಿಚಾರಿಸಿಕೊಳ್ಳುವ ಮುಂಚೆಯೇ, ಮಾರ್ಚ್ ತಿಂಗಳ ಒಂದು ಗುರುವಾರ, ಮೂವತ್ತೇಳನೆಯ ವಯಸ್ಸಿನಲ್ಲಿ ಅವಳು ಹೋಗಿಬಿಟ್ಟಳು. ಹೂಳುವ ದಿನ ಥಿಮಿಯೋಸ್ ಸ್ಮಶಾನದ ಗೋಡೆಯಾಚೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ, ಒಳಗೆ ಬರಲಿಲ್ಲ.

ದಿಯಮಾಂತೊ ಹಿತ್ತಲ ಗೋಡೆಯ ಮೂರು ಕಲ್ಲು ಬಿಚ್ಚಿ ಕಿಕ್ಲಾಮಿನೊದ ಗೆಡ್ಡೆಯನ್ನು ತೆಗೆದಳು. ಮುಷ್ಟಿಗಿಂತ ದೊಡ್ಡದು, ಮರದ ತೊಗಟೆಯ ಹಾಗೆ ಸಿಪ್ಪೆ ಬಿರಿದದ್ದು. ಅವರ ಅಜ್ಜಿಯ ಕಾಲಕ್ಕೂ ಆ ಸಂದಿಯಲ್ಲೇ ಇತ್ತಂತೆ. ಅದನ್ನು ಗೋರಿಯ ನಡುಮಧ್ಯೆ ನೆಟ್ಟು, ಸುತ್ತ ತುಳಸಿಯಂಥ ಪರಿಮಳದ ವಸಿಲಿಕೊ ಹಾಕಿ, ಹಟ್ಟಿಗೊಬ್ಬರ ಹರಡಿ, ಬಿಸಿಲು ತಾಗದಿರಲೆಂದು ಆಲಿವ್ ಎಣ್ಣೆಯ ಡಬ್ಬಿಯ ತಗಡು ಬಿಡಿಸಿ ಮರೆ ಕಟ್ಟಿ, ದಿನಕ್ಕೆ ಎರಡು ಬಿಂದಿಗೆ ನೀರು ಹೊಯ್ದಳು. ಗೆಡ್ಡೆಗೆ ಮಾತ್ರವಲ್ಲ ಆ ನೀರು. ಮಣ್ಣಿನ ಕೆಳಗಿರುವವರಿಗೆ ಬಾಯಾರಿಕೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸತ್ತವರಿಗೆ ಬದುಕಿರುವವರು ಕೊಡಬಹುದಾದದ್ದು ಎರಡೇ, ಒಂದು ದೀಪ, ಇನ್ನೊಂದು ನೀರು.

ಮೊದಲ ಸೆಪ್ಟೆಂಬರಿನಲ್ಲಿ ಹೂ ಬರಲಿಲ್ಲ. ಕಿತ್ತು ನೆಟ್ಟ ವರ್ಷ ಹಾಗೇ ಇರಬೇಕು ಎಂದುಕೊಂಡಳು. ಎರಡನೆಯ ಸೆಪ್ಟೆಂಬರಿನಲ್ಲೂ ಬರಲಿಲ್ಲ. ಎಲೆಗಳು ಮಾತ್ರ ಬಂದವು, ಬೆಳ್ಳಿಗೆರೆಯ, ಅಂಗೈ ಅಗಲದ, ನೋಡಿದವರು ಹೊಗಳುವಂಥ ಎಲೆಗಳು. ಮೂರನೆಯ ಸೆಪ್ಟೆಂಬರಿನಲ್ಲಿ ಅವಳು ದಿನಕ್ಕೆ ನಾಲ್ಕು ಸಲ ಮೊಣಕಾಲೂರಿ ಎಲೆಗಳನ್ನು ಬೆರಳಿಂದ ಸರಿಸಿ ಸರಿಸಿ ಮೊಗ್ಗು ಹುಡುಕಿದಳು. ಕೋಪ ಇನ್ನೂ ಇದೆ ಎಂದು ಅವಳಿಗೆ ಖಾತ್ರಿಯಾಗುತ್ತಾ ಬಂದಿತ್ತು. ಊಟ ಸೇರುತ್ತಿರಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಅರ್ಧವಾಗಿಯೇ ಉಳಿಯಿತು.

ಅಕ್ಟೋಬರ್ ಮೊದಲ ವಾರ ಥಿಮಿಯೋಸ್ ಮೇಕೆ ಹೊಡೆದುಕೊಂಡು ಸ್ಮಶಾನದ ಗೋಡೆಯ ಪಕ್ಕ ಬಂದ. ಹೆಣ್ಣು ಕೇಳಿ ಅವಳ ಮನೆಯ ಬಾಗಿಲಿನಿಂದ ಹೋದ ಮೇಲೆ ಅವನು ದಿಯಮಾಂತೊ ಜೊತೆ ಆಡಿದ ಮೊದಲ ಮಾತು ಅಂದಿನದು. ಒಂದೇ ಊರಿನವರು ಹದಿನೆಂಟು ವರ್ಷ ಮಾತಾಡದೆ ಇರುವುದು ನಮ್ಮ ಕಡೆ ಅಂಥ ದೊಡ್ಡ ಸಂಗತಿಯೇನಲ್ಲ.

"ಎಷ್ಟು ಬಿಂದಿಗೆ ಹಾಕ್ತೀರಿ?"

ಅವಳು ತಲೆ ಎತ್ತಿದಳು. "ಎರಡು. ಬಿಸಿಲು ಜಾಸ್ತಿ ಇದ್ರೆ ಮೂರು."

"ಗೋಡೆ ಈಚೆ ಬಗ್ಗಿ ನೋಡಿ. ಇವಕ್ಕೆ ಯಾರು ಹಾಕಿದ್ರು?"

ಗೋಡೆಯಾಚೆಯ ಬೋಳು ಇಳಿಜಾರಿನಲ್ಲಿ, ಕಲ್ಲು ಕಲ್ಲಿನ ಸಂದಿಯಲ್ಲಿ, ಮೇಕೆ ತುಳಿಯುವ ದಾರಿಯಲ್ಲೂ ಕಿಕ್ಲಾಮಿನೊ ಗುಲಾಬಿಯಾಗಿ ತುಂಬಿಕೊಂಡಿತ್ತು. ಮೂರು ವರ್ಷ ಅವಳು ಅವನ್ನು ಕಂಡೂ ಕಾಣದವಳಂತೆ ಹಾದುಹೋಗಿದ್ದಳು, ಹೊಟ್ಟೆಯುರಿಯಿಂದ.

"ಅದು ಬಂಡೆ ಗಿಡ," ಎಂದ ಥಿಮಿಯೋಸ್. "ಈಸ್ಟರ್ ಆದ್ಮೇಲೆ ಎಲೆ ಉದುರಿಸಿ ಮಲಗತ್ತೆ. ಮಲಗಿದಾಗ ಮೇಲಿನ ಕಲ್ಲು ಕಾದು ಕೆಂಡ ಆಗ್ಬೇಕು. ಬೆಂದ್ರೇನೇ ಅದಕ್ಕೆ ಹೂವು. ನೀವು ಎಬ್ಬಿಸಿ ಎಬ್ಬಿಸಿ ಕುಡಿಸ್ತಿದ್ದೀರಿ. ಅದು ಎಲೆ ಬಿಟ್ಕೊಂಡು ಕೂತಿದೆ ಪಾಪ. ನೀರು ಹಾಕ್ಬೇಡಿ, ಅಷ್ಟೇ."

"ಅವಳಿಗೆ ಬಾಯಾರಲ್ವಾ?"

ಥಿಮಿಯೋಸ್ ಮೇಕೆಗಳ ಕಡೆ ತಿರುಗಿದ. "ನಿಮಗೆ ಯಾವುದನ್ನೂ ಅದರ ಪಾಡಿಗೆ ಬಿಡೋಕೆ ಬರಲ್ಲ," ಎಂದು ಹೋದ.

ಆ ಮಾತು ಅವಳ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಕೂತುಬಿಟ್ಟಿತು. ಚಳಿಗಾಲವೆಲ್ಲ ಅದನ್ನೇ ಯೋಚಿಸಿದಳು. ಹೂ ಬೇಕೆಂದರೆ ತಂಗಿಯನ್ನು ಒಂದು ಇಡೀ ಬೇಸಿಗೆ ಬಾಯಾರಿಸಬೇಕು. ತಂಗಿಗೆ ನೀರು ಬೇಕೆಂದರೆ ಹೂವಿನ ಆಸೆ ಬಿಡಬೇಕು. ಇದರ ಮೇಲೆ ಇನ್ನೊಂದು ಚಿಂತೆ: ನಮ್ಮ ಸ್ಮಶಾನದಲ್ಲಿ ಜಾಗ ಒಂಬತ್ತು ಗೋರಿಗೆ ಮಾತ್ರ. ಮೂರು ವರ್ಷ ತುಂಬಿದ ಮೇಲೆ ಗೋರಿ ತೆರೆದು, ಮೂಳೆಗಳನ್ನು ವೈನಿನಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು, ಚರ್ಚಿನ ಹಿಂದಿನ ಮೂಳೆಮನೆಯ ಹಲಗೆಯ ಮೇಲೆ ಸೇರಿಸುವುದು ಕ್ರಮ. ಖಾಲಿಯಾದ ಮಣ್ಣು ಮುಂದಿನವರಿಗೆ. ಮಾರ್ಚಿಗೆ ಲೆಮೊನ್ಯಳ ಮೂರು ವರ್ಷ ತುಂಬಿತು.

ದಿಯಮಾಂತೊ ಪಾದ್ರಿ ಅಗಾಪಿಯೋಸರ ಮನೆಗೆ ಹೋದಳು. "ಅಕ್ಟೋಬರ್ ತನಕ ಅವಳನ್ನ ಎತ್ತಬೇಡಿ, ಪಾದ್ರಿಗಳೇ."

"ಏನಮ್ಮ, ಯಾಕೆ?"

"ಹೂವಿಗೆ."

ಪಾದ್ರಿಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹೂವಿಗೋಸ್ಕರ ಮೂಳೆ ತಡೆದವರನ್ನ ನಾನು ಕಂಡಿಲ್ಲ. ಆಗಲಿ. ಆದ್ರೆ ನಡುವೆ ಯಾರಾದ್ರೂ ಹೋದ್ರೆ ನನ್ನ ಕೈಲಿಲ್ಲ, ತಿಳೀತಾ?"

ಈಸ್ಟರ್ ಮುಗಿಯಿತು. ಎಲೆಗಳು ಹಳದಿಯಾಗಿ ಬಿದ್ದವು. ದಿಯಮಾಂತೊ ತಗಡಿನ ಮರೆ ಕಿತ್ತಳು, ವಸಿಲಿಕೊ ಗಿಡಗಳನ್ನೂ ಕಿತ್ತಳು, ಮಣ್ಣಿನ ಮೇಲೆ ಹಿತ್ತಲ ಗೋಡೆಯ ಆ ಮೂರು ಕಲ್ಲುಗಳನ್ನೇ ತಂದು ಹೊಂದಿಸಿದಳು. ಆಮೇಲೆ ಸ್ಮಶಾನಕ್ಕೆ ಹೋಗುವುದನ್ನೇ ನಿಲ್ಲಿಸಿದಳು. ಹೋದರೆ ಕೈ ತಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ದೀಪ ಹಚ್ಚಲು ಗರುಫಲ್ಯಳಿಗೆ ಒಪ್ಪಿಸಿ, ಒಂದು ಹನಿ ನೀರೂ ಹಾಕುವುದಿಲ್ಲ ಎಂದು ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ಗರುಫಲ್ಯ ಆಣೆ ಉಳಿಸಿಕೊಂಡಳು, ಬಾಯಿಗೆ ಮಾತ್ರ ಬೀಗ ಹಾಕಲಿಲ್ಲ.

"ನಾಯಿಗೂ ಒಂದು ಬಟ್ಟಲು ನೀರು ಇಡ್ತಾರೆ ಕಣ್ರೇ," ಎಂದು ಒರತೆಯ ಹತ್ತಿರ ಬಟ್ಟೆ ಒಗೆಯುವವರ ಮುಂದೆ ಹೇಳಿದಳು. "ಇವಳು ಒಡಹುಟ್ಟಿದವಳ ನಾಲಿಗೆ ಒಣಗಿಸ್ತಿದ್ದಾಳೆ. ಮೂರು ವರ್ಷಕ್ಕೇ ಸಾಕಾಗೋಯ್ತು ಪ್ರೀತಿ."

ದಿಯಮಾಂತೊ ಕೇಳಿಯೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಅವಳು ಬೀದಿಯಲ್ಲಿ ಹಾದುಹೋದರೆ ಕಾಫಿ ಅಂಗಡಿಯವರು ಏಳುತ್ತಿರಲಿಲ್ಲ. ಸಂಜೆ ಐದಾದರೆ ಅವಳು ಮಗ್ಗದ ಹಲಗೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂರುತ್ತಿದ್ದಳು. ಐದರಿಂದ ಮಲಗುವವರೆಗೆ ತಾನೂ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಜುಲೈನಲ್ಲಿ ಗಂಟಲು ಒಣಗಿ ಕೆಮ್ಮು ಬರುತ್ತಿತ್ತು; ಕೆಮ್ಮಿದಾಗ ತಂಗಿಯ ನೆನಪಾಗಿ ಅಳುತ್ತಿದ್ದಳು. ಆ ಬೇಸಿಗೆ ಅವಳ ಬಾಳಿನಲ್ಲೇ ಅತಿ ಕಷ್ಟದ ಕೆಲಸ ಏನೂ ಮಾಡದೆ ಇರುವುದಾಗಿತ್ತು.

ಆಗಸ್ಟಿನ ಮಾತೆ ಮರಿಯಳ ಹಬ್ಬ ಕಳೆದು ಹತ್ತು ದಿನಕ್ಕೆ ಮುದುಕ ಲಿಯಾಸ್ ಅಂಜೂರದ ಮರದ ಕೆಳಗೆ ಕುಳಿತಲ್ಲೇ ತೀರಿಕೊಂಡ. ಆ ಬಿಸಿಲಿಗೆ ಹೆಣವನ್ನು ಒಂದು ದಿನಕ್ಕಿಂತ ಹೆಚ್ಚು ಇಡುವಂತಿರಲಿಲ್ಲ. ಪಾದ್ರಿಗಳು ತಾವೇ ದಿಯಮಾಂತೊಳ ಬಾಗಿಲಿಗೆ ಬಂದರು.

"ಹದಿನೈದು ದಿನ," ಎಂದಳು ಅವಳು. "ಹೆಚ್ಚಂದ್ರೆ ಇಪ್ಪತ್ತು ದಿನ ಸಾಕು ಪಾದ್ರಿಗಳೇ."

"ಲಿಯಾಸ್ ಕಾಯಲ್ಲಮ್ಮ," ಎಂದರು ಅವರು ತಲೆ ತಗ್ಗಿಸಿ.

ಮರುದಿನ ಬೆಳಗ್ಗೆ ದಿಯಮಾಂತೊ, ಗರುಫಲ್ಯ, ಇನ್ನಿಬ್ಬರು ಹೆಂಗಸರು ಗೋರಿಯ ಬಳಿ ಸೇರಿದರು. ಮೊದಲು ಗೆಡ್ಡೆಯನ್ನು ತಾನೇ ತೆಗೆಯುತ್ತೇನೆ ಎಂದಳು ದಿಯಮಾಂತೊ. ಕಲ್ಲು ಸರಿಸಿದಳು. ಕಲ್ಲು ಕೈ ಸುಡುವಷ್ಟು ಕಾದಿತ್ತು. ಒಣಮಣ್ಣನ್ನು ಬೆರಳಿಂದಲೇ ಬಿಡಿಸಿದಳು. ಬೆರಳು ದಪ್ಪದ ಬೇರುಗಳು ನೇರ ಕೆಳಕ್ಕೆ, ತಂಗಿ ಇದ್ದ ಕಡೆಗೇ, ಮೊಳದುದ್ದ ಇಳಿದಿದ್ದವು. ಎಷ್ಟು ಜೋಪಾನ ಮಾಡಿದರೂ ಅವು ಒಂದೊಂದಾಗಿ ಮುರಿದವು. ಗೆಡ್ಡೆ ಕೈಗೆ ಬಂತು. ಅದರ ನೆತ್ತಿಯ ಮೇಲೆ, ಮಣ್ಣಿನೊಳಗೇ, ಅವರೆಕಾಳಿನ ಗಾತ್ರದ ಮೊಗ್ಗುಗಳು ಕತ್ತು ಬಗ್ಗಿಸಿಕೊಂಡು ನಿಂತಿದ್ದವು. ಅವಳು ಎಣಿಸಿದಳು. ಏಳು.

ಅವಳು ಗೆಡ್ಡೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಳು. ಉಳಿದವರು ಅಗೆದರು. ಮೂಳೆಗಳು ಚೊಕ್ಕವಾಗಿದ್ದವು, ಮೇಣದ ಬಣ್ಣಕ್ಕೆ ತಿರುಗಿದ್ದವು. ಹಾಗಿದ್ದರೆ ಆತ್ಮಕ್ಕೆ ನೆಮ್ಮದಿ ಸಿಕ್ಕಿದೆ ಎಂದು ನಮ್ಮವರ ನಂಬಿಕೆ.

"ನೋಡೆ ದಿಯಮಾಂತೊ, ಚಿನ್ನದ ಹಾಗಿದಾಳೆ," ಎಂದಳು ಗರುಫಲ್ಯ, ಈ ಸಲ ನಿಜವಾದ ಕನಿಕರದಿಂದ. "ಯಾವ ಕೋಪಾನೂ ಇಲ್ಲ ಅವಳಿಗೆ."

ಆದರೆ ದಿಯಮಾಂತೊ ಕೇಳಿದ್ದು ಮೂಳೆಗಳನ್ನಲ್ಲ, ಹೂವನ್ನು. ಹೂವು ಬಾಯಿ ತೆರೆಯುವ ಹೊತ್ತಿಗೆ ಅವಳೇ ಕಿತ್ತುಹಾಕಿದ್ದಳು.

ವೈನಿನಲ್ಲಿ ತೊಳೆದು, ಹೆಸರು ಬರೆದ ಮರದ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಜೋಡಿಸಿ, ಮೇಲೆ ತಂಗಿಯ ಹಳದಿ ತಲೆವಸ್ತ್ರ ಹೊದಿಸಿದರು. ಗೆಡ್ಡೆಯನ್ನು ಏನು ಮಾಡುವುದು ಎಂದು ಗರುಫಲ್ಯ ಕೇಳಿದಳು. ಬೇರು ಮುರಿದದ್ದು, ಗೋಡೆಯ ಬುಡಕ್ಕೆ ಎಸೆದರಾಯಿತು ಎಂದಳು. ದಿಯಮಾಂತೊ ಅದನ್ನು ಪೆಟ್ಟಿಗೆಯೊಳಗೆ, ವಸ್ತ್ರದ ಮೇಲೆ ಇಟ್ಟು ಮುಚ್ಚಳ ಹಾಕಿದಳು. ಮನೆಗೆ ಒಯ್ದರೆ ತಾನು ಸುಮ್ಮನಿರುವುದಿಲ್ಲ, ಮುಟ್ಟುತ್ತೇನೆ, ನೀರು ಕುಡಿಸುತ್ತೇನೆ, ಕೊಳೆಸುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

"ಸಾಕು ಪುಟ್ಟ. ಇನ್ನು ನಿನ್ನ ತಂಟೆಗೆ ಬರಲ್ಲ ನಾನು," ಎಂದು ಮುಚ್ಚಳದ ಮೇಲೆ ಕೈಯಿಟ್ಟು ಹೇಳಿದಳು. ಪಾದ್ರಿಗಳು ಮೂಳೆಮನೆಗೆ ಬೀಗ ಹಾಕಿದರು.

ಮಾತಿಗೆ ತಪ್ಪಲಿಲ್ಲ ಅವಳು. ಸೆಪ್ಟೆಂಬರ್ ಕಳೆಯಿತು, ಅಕ್ಟೋಬರ್ ಕಳೆಯಿತು. ಬೆಟ್ಟವೆಲ್ಲ ಗುಲಾಬಿಯಾಗಿ ಮತ್ತೆ ಹಸಿರಾಯಿತು. ಬೀಗದ ಕೈ ಕೇಳಿದ್ದರೆ ಪಾದ್ರಿಗಳು ಇಲ್ಲ ಎನ್ನುತ್ತಿರಲಿಲ್ಲ. ಅವಳು ಕೇಳಲಿಲ್ಲ. ಬಿಟ್ಟಿರುವುದನ್ನು ಕಲಿತೆ ಎಂದುಕೊಂಡು ಮಗ್ಗದ ಮುಂದೆ ಕೂತು, ನಿಂತುಹೋಗಿದ್ದ ಕಂಬಳಿಯನ್ನು ನೇಯ್ದು ಮುಗಿಸಿದಳು.

ಫೆಬ್ರವರಿಯಲ್ಲಿ, ಈಸ್ಟರಿನ ದೊಡ್ಡ ಉಪವಾಸಕ್ಕೆ ಮುಂಚೆ, ಸತ್ತವರನ್ನು ನೆನೆಯುವ ಆತ್ಮಗಳ ಶನಿವಾರ ಮೂಳೆಮನೆಯ ಬಾಗಿಲು ತೆರೆಯುತ್ತಾರೆ. ಬೇಯಿಸಿದ ಗೋಧಿಗೆ ಸಕ್ಕರೆ, ದ್ರಾಕ್ಷಿ, ದಾಳಿಂಬೆ ಕಾಳು ಬೆರೆಸಿ ತಟ್ಟೆಯಲ್ಲಿ ಹೊತ್ತು ದಿಯಮಾಂತೊ ಎಲ್ಲರ ಜೊತೆ ಹೋದಳು. ಹಲಗೆಯ ಮೇಲೆ ತಂಗಿಯ ಪೆಟ್ಟಿಗೆ. ಅದರ ಮುಚ್ಚಳದ ಸಂದಿಯಲ್ಲಿ, ಕಿಟಕಿಯ ಕಡೆಗೆ, ಒಣಗಿದ ಚಹಾಸೊಪ್ಪಿನಂಥದ್ದು ಏನೋ ಹೊರಗೆ ಚಾಚಿಕೊಂಡಿತ್ತು. ಅವಳು ತಟ್ಟೆಯನ್ನು ನೆಲದ ಮೇಲಿಟ್ಟು ಮುಚ್ಚಳ ತೆಗೆದಳು.

ಗೆಡ್ಡೆ ಹೂ ಬಿಟ್ಟಿತ್ತು. ಮಣ್ಣಿಲ್ಲದೆ, ನೀರಿಲ್ಲದೆ, ತನ್ನೊಳಗೆ ಇಟ್ಟುಕೊಂಡಿದ್ದರಲ್ಲೇ ಏಳು ದಂಟುಗಳನ್ನು ಎತ್ತಿ, ಏಳನ್ನೂ ಬೆಳಕಿನ ಸಂದಿಯ ಕಡೆಗೆ ಬಾಗಿಸಿ, ಏಳು ಹೂ ಅರಳಿಸಿತ್ತು. ಯಾವಾಗಲೋ ಅರಳಿ, ಯಾವಾಗಲೋ ಬಾಡಿ, ಮುಟ್ಟಿದರೆ ಪುಡಿಯಾಗುವ ಹಾಗೆ ಒಣಗಿದ್ದವು. ಒಂದೇ ಒಂದು ಸಲ, ಸೆಪ್ಟೆಂಬರಿನ ಒಂದು ಬೆಳಗ್ಗೆ ಬಂದು ಬಾಗಿಲಲ್ಲಿ ನಿಂತಿದ್ದರೂ ಸಾಕಿತ್ತು, ಆ ಸಂದಿಯಿಂದ ಗುಲಾಬಿ ದಳ ಕಾಣುತ್ತಿತ್ತು. ತಂಗಿ ಉತ್ತರ ಕೊಟ್ಟಿದ್ದಳು. ಕೇಳಿಸಿಕೊಳ್ಳಲು ಅಕ್ಕ ಅಲ್ಲಿರಲಿಲ್ಲ. ದಿಯಮಾಂತೊ ಅಂದು ಅತ್ತ ಹಾಗೆ ಎಂದೂ ಅತ್ತದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ, ಹೂಳುವ ದಿನವೂ.

ಅದೇ ಮಧ್ಯಾಹ್ನ ಗೆಡ್ಡೆಯನ್ನೂ ಒಣಹೂಗಳನ್ನೂ ಹಳದಿ ವಸ್ತ್ರದಲ್ಲಿ ಕಟ್ಟಿಕೊಂಡು ಅವಳು ಬೆಟ್ಟ ಹತ್ತಿದಳು. ಆ ಹಟ್ಟಿಯನ್ನು ಅವಳು ನೋಡಿದ್ದು ಅದೇ ಮೊದಲು. ಬಾಗಿಲು ಗಟ್ಟಿಮರದ್ದು, ಸಂದಿಯಿಲ್ಲದ್ದು. ಥಿಮಿಯೋಸ್ ಹಾಲು ಕಾಯಿಸುತ್ತಿದ್ದ. ಅವಳು ಗಂಟು ಬಿಚ್ಚಿ ತೋರಿಸಿದಳು.

ಅವನು ಹಾಲನ್ನು ಒಲೆಯಿಂದ ಇಳಿಸಿ ಬಂದು ನೋಡಿದ. "ನೀರು ಹಾಕ್ಬೇಡಿ ಅಂದಿದ್ದೆ," ಎಂದ ಮೆಲ್ಲಗೆ. "ನೋಡೋಕೆ ಬರ್ಬೇಡಿ ಅಂದಿರ್ಲಿಲ್ಲ."

"ನಂಗೆ ಎರಡೇ ಗೊತ್ತು ಥಿಮಿಯೋಸ್. ಮುಳುಗಿಸೋದು, ಇಲ್ಲಾ ಬಿಟ್ಟು ಹೋಗೋದು." ಅವಳು ಗೆಡ್ಡೆಯನ್ನು ಅವನ ಕೈಗಿಟ್ಟಳು. ಸೊರಗಿತ್ತು, ಆದರೂ ಗಟ್ಟಿಯಾಗಿತ್ತು. "ನಿನ್ನ ಗೋಡೇಲಿ ಹಾಕು. ನಾನು ಹಾಕಿದ್ರೆ ನೀರು ಹಾಕ್ತೀನಿ. ಅವತ್ತೇ ನಿನ್ನ ಕೈಗೆ ಕೊಡ್ಬೇಕಿತ್ತು."

ಗೆಡ್ಡೆಯ ಮಾತಷ್ಟೇ ಅಲ್ಲ ಅದು ಎಂದು ಅವನಿಗೂ ತಿಳಿಯಿತು. ಅವನು ಎದ್ದು ಹೋಗಿ ಒಲೆಯ ಹಿಂದಿನಿಂದ ಸ್ಟೂಲು ತಂದಿಟ್ಟ. "ಕೂತ್ಕೊಳ್ಳಿ, ಅಕ್ಕ," ಎಂದ. ಹತ್ತೊಂಬತ್ತು ವರ್ಷದಿಂದ ಬರಬೇಕಾಗಿದ್ದ ಕರೆ ಅದು. ಅವಳು ಕೂತಳು.

ಸೆಪ್ಟೆಂಬರಿನಲ್ಲಿ ಅವಳು ಬರಿಗೈಯಲ್ಲಿ ಬೆಟ್ಟ ಹತ್ತಿದಳು, ಬಿಂದಿಗೆಯಿಲ್ಲದೆ. ಥಿಮಿಯೋಸ್ ಗೆಡ್ಡೆಯನ್ನು ದಕ್ಷಿಣದ ಗೋಡೆಯಲ್ಲಿ, ಅತಿ ಬಿಸಿಲು ಬೀಳುವ ಕಡೆ ಇಟ್ಟಿದ್ದ. ಸಂದಿ ಬರಿದಾಗಿತ್ತು. ಮುಂದಿನ ವರ್ಷವೂ ಬರಿದು, ಅದರ ಮುಂದಿನ ವರ್ಷವೂ. ಇದ್ದದ್ದನ್ನೆಲ್ಲ ಅದು ಆ ಪೆಟ್ಟಿಗೆಯೊಳಗೇ ಖರ್ಚು ಮಾಡಿಬಿಟ್ಟಿತ್ತು. ಆದರೂ ಪ್ರತಿ ಸೆಪ್ಟೆಂಬರಿನಲ್ಲಿ ಅವಳು ಹೋದಳು, ಸಾಯುವ ವರ್ಷದವರೆಗೂ. ಇಬ್ಬರೂ ಆ ಗೋಡೆಯ ಮುಂದೆ ಕಾಫಿ ಕುಡಿಯುತ್ತಾ ಕೂರುತ್ತಿದ್ದರು.

"ಅದು ಹೂ ಬಿಟ್ಟಿತ್ತು, ಅಲ್ವಾ?" ಎಂದು ಅವಳು ಪ್ರತಿ ಸಲ ಕೇಳುತ್ತಿದ್ದಳು.

"ಬಿಟ್ಟಿತ್ತು ಅಕ್ಕ. ಏಳು."

ಅರಳಿದಾಗ ಅವನೂ ಅದನ್ನು ನೋಡಿರಲಿಲ್ಲ.